ದೊಂದಿಯಿಂದ ಡಿ.ಎಂ.ಎಕ್ಸ್.ವರೆಗೆ: ಬಯಲಾಟದ ರಂಗಸ್ಥಳದಲ್ಲಿ ಬೆಳಕಿನ ಚರಿತ್ರೆ

ಪೀಠಿಕೆ

ಕನ್ನಡ ಜಾನಪದ ರಂಗಭೂಮಿಯನ್ನು ಕುರಿತ ಅಧ್ಯಯನಗಳು ಹಾಡು, ಕುಣಿತ, ಮಾತು ಮತ್ತು ವೇಷ ಎಂಬ ನಾಲ್ಕು ಅಂಗಗಳ ಸುತ್ತ ವಿಪುಲವಾಗಿ ಬೆಳೆದಿವೆ. ಪ್ರಸಂಗಗಳ ಸಂಪಾದನೆ, ತಿಟ್ಟುಗಳ ತೌಲನಿಕ ವಿವೇಚನೆ, ತಾಳಮದ್ದಳೆಯ ಅರ್ಥಗಾರಿಕೆ, ಮೇಳಗಳ ಇತಿಹಾಸ ಇವೆಲ್ಲವೂ ವಿದ್ವಾಂಸರ ಗಮನ ಸೆಳೆದಿವೆ. ಆದರೆ ರಾತ್ರಿಯ ಕಲೆಯಾದ ಬಯಲಾಟದಲ್ಲಿ ಕಣ್ಣಿಗೆ ಬೀಳುವುದೆಲ್ಲವನ್ನೂ ಕಾಣಿಸಿಕೊಡುವ ಬೆಳಕಿಗೆ ದೊರೆತಿರುವ ಗಮನ ಅಲ್ಪ. ಅದನ್ನು ಪ್ರದರ್ಶನದ ಹೊರಗಿನ ಸೌಕರ್ಯವೆಂದು, ಚಪ್ಪರ ಹಾಗೂ ಆಸನಗಳ ಸಾಲಿನಲ್ಲಿ ಎಣಿಸಿದ್ದೇ ಇದಕ್ಕೆ ಕಾರಣವಾಗಿರಬಹುದು.

ಬೆಳಕು ವೇಷದ ಹೊರಗಿನ ಸಾಧನವಲ್ಲ. ಅದು ವೇಷದ್ದೇ ಒಂದು ಘಟಕ. ಯಾವ ಬೆಳಕಿನಲ್ಲಿ ಕಾಣಬೇಕೆಂದು ವೇಷ ರೂಪುಗೊಂಡಿತೋ ಆ ಬೆಳಕು ಬದಲಾದಾಗ ವೇಷವೂ ಬದಲಾಗುತ್ತದೆ. ಕಲಾವಿದನು ತನ್ನ ಮುಖವರ್ಣಿಕೆಯಲ್ಲಿ ಒಂದು ಗೆರೆಯನ್ನೂ ತಿದ್ದದಿದ್ದರೂ ಪ್ರೇಕ್ಷಕನು ಕಾಣುವ ಮುಖ ಬೇರೆಯದಾಗುತ್ತದೆ. ದೊಂದಿಯಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುದ್ದೀಪಕ್ಕೆ, ಈಗ ಗಣಕಯಂತ್ರದಿಂದ ನಿಯಂತ್ರಿತವಾಗುವ ಎಲ್.ಇ.ಡಿ. ದೀಪಗಳಿಗೆ ರಂಗಸ್ಥಳ ಸಾಗಿಬಂದ ದಾರಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚರ್ಚೆಯ ಕೇಂದ್ರದಲ್ಲಿ ಕರಾವಳಿಯ ಯಕ್ಷಗಾನವಿದೆ. ಅಗತ್ಯವಿದ್ದೆಡೆ ಬಯಲುಸೀಮೆಯ ದೊಡ್ಡಾಟ, ತೊಗಲುಗೊಂಬೆಯಾಟ ಹಾಗೂ ಕಂಪನಿ ನಾಟಕಗಳನ್ನು ಹೋಲಿಕೆಗೆ ತೆಗೆದುಕೊಳ್ಳಲಾಗಿದೆ.

ದೊಂದಿ, ದೀವಟಿಗೆ, ಹಿಲಾಲು

ರಂಗಕ್ಕೂ ಉರಿಗೂ ಇರುವ ನಂಟು ಪ್ರಾಚೀನವಾದುದು. ಭರತನ ನಾಟ್ಯಶಾಸ್ತ್ರದ ರಂಗಪೂಜೆಯ ಅಧ್ಯಾಯದಲ್ಲಿ ನಾಟ್ಯಾಚಾರ್ಯನು ಉರಿಯುವ ದೀಪವನ್ನು ಹಿಡಿದು ರಂಗದ ಎಲ್ಲ ಭಾಗಗಳನ್ನೂ ಬೆಳಗಿಸುವ ವಿಧಿಯಿದೆ. ಕನ್ನಡ ಶಾಸನಗಳಲ್ಲಿ ಸೊಡರಿಗೂ ನಂದಾದೀವಿಗೆಗೂ ಬಿಟ್ಟ ದತ್ತಿಗಳು ಹೇರಳವಾಗಿ ದೊರೆಯುತ್ತವೆ. ಎಣ್ಣೆ ಬೆಲೆಯುಳ್ಳ ವಸ್ತುವಾಗಿದ್ದ ಕಾಲದಲ್ಲಿ ಇಡೀ ರಾತ್ರಿ ಬೆಳಕನ್ನು ಉಳಿಸಿಕೊಳ್ಳುವುದು ಒಂದು ಸೇವೆಯೇ ಆಗಿತ್ತು. ಯಕ್ಷಗಾನ ಇಂದಿಗೂ ಚೌಕಿಯಲ್ಲಿ ದೀಪ ಬೆಳಗಿ ಗಣಪತಿಯನ್ನು ಪೂಜಿಸಿದ ನಂತರವೇ ರಂಗಸ್ಥಳಕ್ಕೆ ಬರುವುದು ಈ ಪರಂಪರೆಯ ಮುಂದುವರಿಕೆ.

ವಿದ್ಯುತ್ ಪೂರ್ವದ ಬಯಲಾಟದಲ್ಲಿ ಬೆಳಕಿನ ಮೂಲಗಳು ಪ್ರದೇಶಕ್ಕೆ ತಕ್ಕಂತೆ ಭಿನ್ನವಾಗಿದ್ದವು. ಕರಾವಳಿಯಲ್ಲಿ ದೊಂದಿ, ದೀವಟಿಗೆ, ಒಣ ತೆಂಗಿನ ಗರಿಯ ಸೂಟೆ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಹಿಲಾಲು ಹಾಗೂ ಪಂಜು. ದೀಪಕ್ಕೆ ಕರಾವಳಿಯಲ್ಲಿ ಹೊನ್ನೆ ಎಣ್ಣೆ, ಬಯಲುಸೀಮೆಯಲ್ಲಿ ಹರಳೆಣ್ಣೆ ಸುಲಭವಾಗಿ ದೊರೆಯುತ್ತಿದ್ದವು. ಕೋಲಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ ಉರಿಸುವ ಈ ಬೆಳಕುಗಳ ಸಮಾನ ಲಕ್ಷಣಗಳು ಮೂರು. ಅವು ಎದೆಯ ಅಥವಾ ಮುಖದ ಎತ್ತರದಿಂದ ಬೀಳುತ್ತಿದ್ದವು, ಸದಾ ಚಂಚಲವಾಗಿದ್ದವು, ಮನುಷ್ಯನ ಕೈಯಲ್ಲಿದ್ದವು.

ಮೂರನೆಯ ಲಕ್ಷಣ ವಿಶೇಷವಾಗಿ ಗಮನಾರ್ಹ. ದೀವಟಿಗೆ ಹಿಡಿದವನು ವೇಷಧಾರಿಯ ಚಲನೆಯನ್ನು ಅನುಸರಿಸಬಲ್ಲವನಾಗಿದ್ದನು. ಪದ್ಯ ಯಾವ ತಿರುವಿನಲ್ಲಿದೆ, ಕುಣಿತ ಎಲ್ಲಿ ಬಿರುಸಾಗುತ್ತದೆ, ವೇಷ ಯಾವ ಕಡೆಗೆ ಮುಖ ಮಾಡಲಿದೆ ಎಂಬುದು ಅವನಿಗೆ ಅಭ್ಯಾಸದಿಂದ ತಿಳಿದಿರಬೇಕಾಗಿತ್ತು. ಬಣ್ಣದ ವೇಷದ ಪ್ರವೇಶದಲ್ಲಿ ಉರಿಯ ಮೇಲೆ ರಾಳದ ಪುಡಿ ಎಸೆದು ಬೆಂಕಿಯನ್ನು ಭುಗಿಲೆಬ್ಬಿಸುವ ಕ್ರಮವು ಬೆಳಕನ್ನು ಚೆಂಡೆಯ ಪೆಟ್ಟಿಗೆ ಹೊಂದಿಸುವ ಕೌಶಲವನ್ನು ಅಪೇಕ್ಷಿಸುತ್ತದೆ. ಒಂದು ಕ್ಷಣ ಮುಂಚೆಯಾದರೆ ತೆರೆಯ ಹಿಂದಿನ ಕುತೂಹಲ ಕೆಡುತ್ತದೆ. ತಡವಾದರೆ ಅಬ್ಬರ ಪೊಳ್ಳಾಗುತ್ತದೆ. ತುಳುನಾಡಿನ ಆರಾಧನಾ ಸಂದರ್ಭಗಳಲ್ಲಿ ದೀವಟಿಗೆ ಹಿಡಿಯುವ ಕೆಲಸ ಮಡಿವಾಳ ಸಮುದಾಯದ ಕಟ್ಟುಪಾಡಿನ ಸೇವೆಯಾಗಿ ನಡೆದುಬಂದಿದೆ. ಬೆಳಕಿನ ಜ್ಞಾನ ಒಂದು ಸಮುದಾಯದ ಕೈಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದುದಕ್ಕೆ ಇದು ನಿದರ್ಶನ. ಆದರೆ ಭಾಗವತರ, ಮದ್ದಳೆಗಾರರ, ವೇಷಧಾರಿಗಳ ಹೆಸರುಗಳು ಉಳಿದಂತೆ ದೀವಟಿಗೆ ಹಿಡಿದವರ ಹೆಸರುಗಳು ಉಳಿಯಲಿಲ್ಲ.

ಉರಿಯ ಬೆಳಕಿನ ಗುಣವನ್ನು ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಅದರ ವರ್ಣೋಷ್ಣತೆ ಸುಮಾರು 1,900 ಕೆಲ್ವಿನ್. ಅದರಲ್ಲಿ ಕೆಂಪು ಮತ್ತು ಹಳದಿಯ ಅಂಶ ಧಾರಾಳ, ನೀಲಿಯ ಅಂಶ ಅತ್ಯಲ್ಪ. ಯಕ್ಷಗಾನದ ವೇಷದ ವರ್ಣಸಂಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ತರ್ಕ ಸ್ಪಷ್ಟವಾಗುತ್ತದೆ. ಮುಖಕ್ಕೆ ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು. ಮೈಗೆ ಕೆಂಪು, ಕಪ್ಪು, ಹಸುರು ದಗಲೆಗಳು. ಹಗುರ ಮರದ ಆಭರಣಗಳ ಮೇಲೆ ಬೇಗಡೆ ಮತ್ತು ಕನ್ನಡಿಯ ಚೂರುಗಳು. ನೀಲಿ ಈ ವರ್ಣಮಾಲೆಯಲ್ಲಿ ಪ್ರಧಾನವಲ್ಲ. ಉರಿಯ ಬೆಳಕಿನಲ್ಲಿ ನೀಲಿಯೂ ಕಪ್ಪೂ ಒಂದೇ ಆಗಿ ಕಾಣುತ್ತವೆ. ಭುಜಕೀರ್ತಿ, ಎದೆಕಟ್ಟುಗಳ ಮೇಲಿನ ಬೇಗಡೆ ಅಲುಗುವ ಉರಿಯಲ್ಲಿ ತಾನೂ ಅಲುಗುವಂತೆ ಮಿನುಗುತ್ತದೆ. ದಪ್ಪವಾಗಿ ಬರೆದ ಹುಬ್ಬು, ಕಣ್ಣು, ಮುದ್ರೆಗಳು ಮಬ್ಬು ಬೆಳಕಿನಲ್ಲಿ ದೂರದ ಪ್ರೇಕ್ಷಕನಿಗೂ ತಲುಪುತ್ತವೆ.

ಇದಕ್ಕಿಂತ ಮಿಗಿಲಾದ ಸಂಗತಿಯೊಂದಿದೆ. ಅಂದು ಚೌಕಿಯಲ್ಲಿ ಉರಿಯುತ್ತಿದ್ದುದೂ ರಂಗಸ್ಥಳದಲ್ಲಿ ಉರಿಯುತ್ತಿದ್ದುದೂ ಒಂದೇ ಬಗೆಯ ಬೆಳಕು. ಯಕ್ಷಗಾನದಲ್ಲಿ ಕಲಾವಿದನು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತಾನೆ. ಎಣ್ಣೆಯ ದೀಪದ ಮುಂದೆ ಕನ್ನಡಿ ಹಿಡಿದು ಅವನು ಕಂಡ ಮುಖವೇ ತೆರೆ ಸರಿದಾಗ ಪ್ರೇಕ್ಷಕರಿಗೂ ಕಾಣುತ್ತಿತ್ತು. ಬರೆಯುವ ಬೆಳಕು ಮತ್ತು ತೋರುವ ಬೆಳಕಿನ ಈ ಐಕ್ಯವು ದೊಂದಿಯ ಕಾಲದ ಮುಖ್ಯ ರಂಗಸಂಪತ್ತಾಗಿತ್ತು.

ಗ್ಯಾಸ್‌ಲೈಟಿನ ಅವಧಿ

ಆಸ್ಟ್ರಿಯಾದ ರಸಾಯನ ವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಮ್ಯಾಂಟಲಿಗೆ ಪೇಟೆಂಟ್ ಪಡೆದನು. ಮುಂದೆ ಥೋರಿಯಂ ಆಕ್ಸೈಡಿಗೆ ಸುಮಾರು ಶೇಕಡ 1ರಷ್ಟು ಸೀರಿಯಂ ಆಕ್ಸೈಡ್ ಬೆರೆಸಿದಾಗ ಅದು ಪ್ರಖರವಾದ ಬಿಳಿಯ ಬೆಳಕನ್ನು ಕೊಡತೊಡಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ತಯಾರಾದ, ಸೀಮೆಎಣ್ಣೆಯನ್ನು ಒತ್ತಡದಿಂದ ಆವಿಯಾಗಿಸಿ ಉರಿಸುವ ಪೆಟ್ರೋಮ್ಯಾಕ್ಸ್ ದೀಪ ಈ ಮ್ಯಾಂಟಲನ್ನು ಹಳ್ಳಿಹಳ್ಳಿಗೆ ಒಯ್ದಿತು. ಅದರಲ್ಲಿ ಅನಿಲದ ಕೊಳವೆಯೇನೂ ಇಲ್ಲದಿದ್ದರೂ ಕನ್ನಡ ನಾಡಿನಲ್ಲಿ ಅದು ಗ್ಯಾಸ್‌ಲೈಟೆಂದೇ ಹೆಸರಾಯಿತು. ಮದುವೆಯ ದಿಬ್ಬಣ, ಜಾತ್ರೆ, ಹರಿಕಥೆ, ಆಟ ಎಲ್ಲವೂ ಅದರ ಆಶ್ರಯ ಪಡೆದವು.

ಗ್ಯಾಸ್‌ಲೈಟು ರಂಗಸ್ಥಳದಲ್ಲಿ ಎರಡು ಪಲ್ಲಟಗಳನ್ನು ತಂದಿತು. ಬೆಳಕು ಮನುಷ್ಯನ ಕೈಯಿಂದ ಕಂಬಕ್ಕೆ ಏರಿದ್ದು ಮೊದಲನೆಯದು. ಆಗಾಗ ಗಾಳಿ ಹಾಕಲು ಒಬ್ಬ ಮನುಷ್ಯ ಬೇಕಾಗಿದ್ದರೂ ಅವನ ಗಮನ ಈಗ ವೇಷದ ಮೇಲಲ್ಲ, ದೀಪದ ಮೇಲೆ. ಬೆಳಕು ಬೆಳ್ಳಗೂ ಸ್ಥಿರವೂ ಆದುದು ಎರಡನೆಯದು. ದೊಂದಿಯ ಹೊಗೆ, ನೆರಳುಗಳ ಕುಣಿತ, ಮುಖದ ಮೇಲೆ ಏರಿಳಿಯುವ ಕೆಂಬಣ್ಣ ಇಲ್ಲವಾದವು. ಪ್ರತಿಯಾಗಿ ಹೆಚ್ಚು ಜನಕ್ಕೆ ಹೆಚ್ಚು ಸ್ಪಷ್ಟವಾಗಿ ಕಾಣುವ ಅನುಕೂಲ ದೊರೆಯಿತು. ಈ ಲಾಭವನ್ನು ಕಡೆಗಣಿಸಿ ಕೇವಲ ನಷ್ಟವನ್ನು ಎಣಿಸುವುದು ಚರಿತ್ರೆಗೆ ಮಾಡುವ ನ್ಯಾಯವಲ್ಲ. ಎಣ್ಣೆ ಸುರಿಯುವ, ಬಟ್ಟೆ ಸುತ್ತುವ, ರಾತ್ರಿಯಿಡೀ ಉರಿಯ ಶಾಖದಲ್ಲಿ ನಿಲ್ಲುವ ದುಡಿಮೆಯಿಂದ ಬಿಡುಗಡೆಯಾದವರ ದೃಷ್ಟಿಯಿಂದಲೂ ಈ ಬದಲಾವಣೆಯನ್ನು ನೋಡಬೇಕಾಗುತ್ತದೆ.

ವಿದ್ಯುದ್ದೀಪ: ಕಂಪನಿ ನಾಟಕ, ಡೇರೆ ಮೇಳ, ಆಧುನಿಕ ರಂಗಭೂಮಿ

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಬಂದಿತು. ಲಂಡನ್ನಿನ ಸವಾಯ್ ಥಿಯೇಟರ್ ಪೂರ್ಣವಾಗಿ ವಿದ್ಯುತ್ತಿನಿಂದ ಬೆಳಗಿದ್ದು 1881ರಲ್ಲಿ. ಹೀಗೆ ಮೈಸೂರು ಸಂಸ್ಥಾನದ ನಗರಗಳ ರಂಗಭೂಮಿಗೆ ಈ ಸೌಲಭ್ಯ ಬಹಳ ತಡವಾಗಿಯೇನೂ ಎಟುಕಲಿಲ್ಲ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದ್ಧೂರಿಯ ದೃಶ್ಯಗಳಿಗೆ ಹೆಸರಾಯಿತು. ಆನೆ ಕುದುರೆಗಳನ್ನು ರಂಗಕ್ಕೆ ತಂದ ಕುರುಕ್ಷೇತ್ರದಂಥ ಪ್ರಯೋಗಗಳೂ ಕಂಪನಿ ನಾಟಕಗಳ ‘ಟ್ರಿಕ್ ಸೀನು’ಗಳೂ ಬೆಳಕನ್ನು ಚಮತ್ಕಾರದ ಸಾಧನವಾಗಿ ಕಾಣುವ ಅಭಿರುಚಿಯನ್ನು ಜನರಲ್ಲಿ ಬೆಳೆಸಿದವು.

ಸ್ವಾತಂತ್ರ್ಯೋತ್ತರ ಕಾಲದಲ್ಲಿ ಕರಾವಳಿಯಲ್ಲಿ ಪ್ರಬಲವಾದ ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳು ಈ ಅಭಿರುಚಿಯನ್ನು ಯಕ್ಷಗಾನಕ್ಕೆ ತಂದವು. ಜನರೇಟರು, ಸಾಲು ಬಲ್ಬುಗಳು, ಟ್ಯೂಬ್‌ಲೈಟು, ಬಣ್ಣದ ಹಾಳೆ ಕಟ್ಟಿದ ಫೋಕಸ್ ದೀಪಗಳು ಡೇರೆಯ ಆಕರ್ಷಣೆಗಳಾದವು. ಅರದಾಳ, ಇಂಗಳೀಕಗಳ ಜಾಗಕ್ಕೆ ಸಫೇತ ಮತ್ತು ಪೇಟೆಯ ಬಣ್ಣಗಳು ಬಂದುದಕ್ಕೂ, ಬಟ್ಟೆಗಳಲ್ಲಿ ಹೊಳಪಿನ ನೂಲುಗಳು ಸೇರಿದುದಕ್ಕೂ ಪ್ರಖರ ಬೆಳಕಿಗೂ ಸಂಬಂಧವಿದೆ. ಬಿಳಿಯ ಬೆಳಕಿನಲ್ಲಿ ಹಳೆಯ ದಪ್ಪ ಗೆರೆಗಳು ಒರಟಾಗಿ ಕಂಡಾಗ ಬರವಣಿಗೆಯನ್ನು ನಯಗೊಳಿಸುವ ಒತ್ತಡವೂ ಕಲಾವಿದರ ಮೇಲೆ ಬಿದ್ದಿತು.

ಇದೇ ಅವಧಿಯಲ್ಲಿ ಆಧುನಿಕ ರಂಗಭೂಮಿಯು ಬೆಳಕನ್ನು ಒಂದು ಶಾಸ್ತ್ರವಾಗಿ ಬೆಳೆಸುತ್ತಿತ್ತು. ಬಂಗಾಳದಲ್ಲಿ ತಾಪಸ್ ಸೇನ್ 1959ರ ‘ಅಂಗಾರ್’ ನಾಟಕದಲ್ಲಿ ಗಣಿಯೊಳಗೆ ನೀರು ನುಗ್ಗುವ ದೃಶ್ಯವನ್ನು ಬೆಳಕಿನಿಂದಲೇ ಕಟ್ಟಿದರು. ಕನ್ನಡ ನಾಡಿನ ವಿ. ರಾಮಮೂರ್ತಿಯವರು ರಂಗಬೆಳಕಿನ ವಿನ್ಯಾಸಕರಾಗಿ ಅಖಿಲ ಭಾರತ ಮಟ್ಟದ ಮನ್ನಣೆ ಪಡೆದರು. 1963ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ, 1972ರಲ್ಲಿ ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರ ತೆರೆದವು. 1985ರಲ್ಲಿ ಆರಂಭವಾದ ನೀನಾಸಮ್ ತಿರುಗಾಟವು ದೀಪ, ಡಿಮ್ಮರುಗಳನ್ನು ತನ್ನೊಂದಿಗೇ ಒಯ್ದು, ಶಾಸ್ತ್ರೀಯವಾದ ಬೆಳಕಿನ ವಿನ್ಯಾಸವನ್ನು ಸಣ್ಣ ಊರುಗಳ ಪ್ರೇಕ್ಷಕರಿಗೆ ಪರಿಚಯಿಸಿತು. ಬೆಳಕನ್ನು ಏರಿಸುವ, ಇಳಿಸುವ ಡಿಮ್ಮರಿನ ಕೈಗೆ ಈಗ ಕಾಲದ ಮೇಲೂ ಹಿಡಿತ ಬಂದಿತು. ತಂತಿಯ ಬಲ್ಬನ್ನು ಇಳಿಸಿದಾಗ ಅದು ಮಂದವಾಗುವುದರ ಜೊತೆಗೆ ಕೆಂಪೂ ಆಗುತ್ತದೆ. ಸಂಜೆಯ ಈ ಗುಣ ಯಾರೂ ಬೇಡದೆ ಆ ದೀಪಕ್ಕೆ ಸ್ವಭಾವದಿಂದಲೇ ಬಂದಿತ್ತು.

ಡಿ.ಎಂ.ಎಕ್ಸ್. 512: ಬೆಳಕು ಸಂಖ್ಯೆಯಾದ ಬಗೆ

ಮೊದಲಿಗೆ ಪ್ರತಿಯೊಂದು ಡಿಮ್ಮರಿಗೂ ನಿಯಂತ್ರಣದ ಒಂದೊಂದು ತಂತಿ ಬೇಕಾಗಿತ್ತು. ಒಂದೊಂದು ತಯಾರಕರದೂ ಒಂದೊಂದು ಪದ್ಧತಿಯಾದುದರಿಂದ ಒಬ್ಬರ ಡಿಮ್ಮರು ಇನ್ನೊಬ್ಬರ ಕನ್ಸೋಲಿಗೆ ಹೊಂದುತ್ತಿರಲಿಲ್ಲ. ಈ ತೊಡಕನ್ನು ನಿವಾರಿಸಲು ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯಾದ ಯು.ಎಸ್.ಐ.ಟಿ.ಟಿ. 1986ರಲ್ಲಿ ಡಿ.ಎಂ.ಎಕ್ಸ್. 512 ಎಂಬ ಸಮಾನ ಸಂಕೇತಪದ್ಧತಿಯನ್ನು ರೂಪಿಸಿತು. ಅದು 1990ರಲ್ಲಿ ಪರಿಷ್ಕೃತವಾಗಿ, 2004ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾಯಿತು.

ಇದರ ತತ್ತ್ವ ಸರಳವಾದುದು. ಒಂದೇ ಕೇಬಲಿನಲ್ಲಿ 512 ಚಾನಲ್‌ಗಳ ಬೆಲೆಗಳು ಒಂದರ ಹಿಂದೊಂದು ಸಾಲಾಗಿ ಹರಿಯುತ್ತವೆ. ಪ್ರತಿಯೊಂದು ಬೆಲೆಯೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಸೆಕೆಂಡಿಗೆ 2,50,000 ಬಿಟ್‌ಗಳ ವೇಗದಲ್ಲಿ, ಪೂರ್ತಿ 512 ಚಾನಲ್‌ಗಳ ಸಾಲು ಸೆಕೆಂಡಿಗೆ ಸುಮಾರು 44 ಬಾರಿ ಪುನರಾವರ್ತಿತವಾಗುತ್ತದೆ. ಪ್ರತಿಯೊಂದು ದೀಪಕ್ಕೂ ಒಂದು ವಿಳಾಸವಿರುತ್ತದೆ. ಆ ವಿಳಾಸದಿಂದ ಆರಂಭಿಸಿ ತನಗೆ ಬೇಕಾದಷ್ಟು ಸಂಖ್ಯೆಗಳನ್ನು ಮಾತ್ರ ಅದು ಓದಿಕೊಳ್ಳುತ್ತದೆ. ಸಂದೇಶ ತಲುಪಿತೇ ಎಂದು ಕೇಳುವ ವ್ಯವಸ್ಥೆ ಮೂಲ ಪದ್ಧತಿಯಲ್ಲಿಲ್ಲ. ತಪ್ಪನ್ನು ಪತ್ತೆಹಚ್ಚುವ ಏರ್ಪಾಡೂ ಇಲ್ಲ. ಆದಕಾರಣ ಸಿಡಿಮದ್ದಿನಂಥ ಅಪಾಯಕಾರಿ ಸಾಧನಗಳನ್ನು ಇದರಿಂದ ನಡೆಸಬಾರದೆಂಬ ನಿಯಮವಿದೆ.

ಎಲ್.ಇ.ಡಿ. ದೀಪಗಳ ಬೆಳವಣಿಗೆ ಇದಕ್ಕೆ ಪೂರಕವಾಯಿತು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್.ಇ.ಡಿ.ಯನ್ನು ತೋರಿಸಿಕೊಟ್ಟರೂ ಪ್ರಖರವಾದ ನೀಲಿ ಎಲ್.ಇ.ಡಿ. ಸಿದ್ಧಿಸಿದ್ದು 1990ರ ದಶಕದಲ್ಲಿ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಕಾಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಹುಮಾನ ಸಂದಿತು. ಕೆಂಪು, ಹಸುರು, ನೀಲಿ ಮೂರೂ ಕೂಡಿದಾಗ ಒಂದೇ ದೀಪದಿಂದ ಬಗೆಬಗೆಯ ಬಣ್ಣಗಳನ್ನು ಪಡೆಯುವುದು ಸಾಧ್ಯವಾಯಿತು. ಬಣ್ಣದ ಹಾಳೆಯ ಅಗತ್ಯ ತಪ್ಪಿತು.

ತಿರುಗಾಟದ ಮೇಳಗಳಿಗೆ ಇದರ ಉಪಯೋಗ ನಿರ್ವಿವಾದ. ಹಳೆಯ ಪಾರ್ 64 ದೀಪವೊಂದು ಸಾಮಾನ್ಯವಾಗಿ 1,000 ವ್ಯಾಟ್ ವಿದ್ಯುತ್ತನ್ನು ಬಳಸುತ್ತಿತ್ತು. 3 ವ್ಯಾಟಿನ 54 ಎಲ್.ಇ.ಡಿ.ಗಳಿರುವ ದೀಪ 162 ವ್ಯಾಟಿಗೆ ಮೀರುವುದಿಲ್ಲ. ಅಂಥ 12 ದೀಪಗಳನ್ನು ಒಟ್ಟಿಗೆ ಉರಿಸಿದರೂ 2 ಕಿಲೋವ್ಯಾಟ್ ಆಗುವುದಿಲ್ಲ. ದೀಪಾವಳಿಯ ಸುಮಾರಿಗೆ ಹೊರಟು ಪತ್ತನಾಜೆಯವರೆಗೆ ದಿನಕ್ಕೊಂದು ಊರಿನಲ್ಲಿ ಆಡುವ ಮೇಳಕ್ಕೆ ಭಾರ, ಬಿಸಿ ಮತ್ತು ಇಂಧನ ಮೂರರಲ್ಲೂ ಆಗುವ ಉಳಿತಾಯ ಸಣ್ಣದಲ್ಲ.

ರಂಗಸ್ಥಳದಲ್ಲಿ ಅಳವಡಿಕೆಯ ಕ್ರಮ

ಎಲ್.ಇ.ಡಿ. ದೀಪಗಳನ್ನು ಡಿ.ಎಂ.ಎಕ್ಸ್. ತಂತ್ರಾಂಶಕ್ಕೆ ಜೋಡಿಸುವ ಕ್ರಮವನ್ನು ಇಲ್ಲಿ ದಾಖಲಿಸುವುದು ಉಚಿತ. ದೊಂದಿ ಕಟ್ಟುವ ವಿಧಾನವನ್ನು ಯಾರೂ ಬರೆದಿಡದೆ ಅದು ಮರೆವಿಗೆ ಸಂದಂತೆ ಇದೂ ಆಗಬಾರದು.

ಏಳು ಚಾನಲ್‌ಗಳ 12 ದೀಪಗಳಿರುವ ರಂಗಸ್ಥಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲ ದೀಪದ ವಿಳಾಸ 1, ಎರಡನೆಯದರದು 8, ಮೂರನೆಯದರದು 15. ಹೀಗೆ ಹನ್ನೆರಡನೆಯದು 78ಕ್ಕೆ ಬರುತ್ತದೆ. ಒಟ್ಟು ಬಳಕೆಯಾಗುವುದು 84 ಚಾನಲ್ ಮಾತ್ರ. ಏಳರಲ್ಲಿ ಯಾವ ಚಾನಲ್ ಪ್ರಖರತೆಗೆ, ಯಾವುದು ಕೆಂಪಿಗೆ, ಯಾವುದು ಮಿಣುಕಿಗೆ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ದೀಪದ ಕೈಪಿಡಿಯನ್ನು ನೋಡಿಯೇ ತಂತ್ರಾಂಶದಲ್ಲಿ ನಮೂದಿಸಬೇಕು. ಎರಡು ದೀಪಗಳಿಗೆ ಒಂದೇ ವಿಳಾಸ ಕೊಟ್ಟರೆ ಎರಡೂ ಒಂದೇ ರೀತಿ ವರ್ತಿಸುತ್ತವೆ. ಎಡಬಲದ ಜೋಡಿಗಳನ್ನು ಒಟ್ಟಿಗೆ ನಡೆಸಲು ಈ ಗುಣವನ್ನು ಬೇಕೆಂದೇ ಬಳಸಿಕೊಳ್ಳಬಹುದು.

ಕೇಬಲ್ ಒಂದು ದೀಪದಿಂದ ಮುಂದಿನ ದೀಪಕ್ಕೆ ಸರಪಳಿಯಂತೆ ಸಾಗಬೇಕು, ನಡುವೆ ಕವಲೊಡೆಯಬಾರದು. ಕವಲು ಅನಿವಾರ್ಯವಾದರೆ ಸ್ಪ್ಲಿಟರ್ ಎಂಬ ಉಪಕರಣ ಬೇಕು. ಒಂದು ಸರಪಳಿಗೆ 32 ಉಪಕರಣಗಳು ಮಿತಿ. ಕೊನೆಯ ದೀಪದಲ್ಲಿ 2 ಮತ್ತು 3ನೆಯ ಪಿನ್ನುಗಳ ನಡುವೆ 120 ಓಮ್ ಪ್ರತಿರೋಧಕವಿರುವ ಟರ್ಮಿನೇಟರನ್ನು ಸಿಕ್ಕಿಸದಿದ್ದರೆ ಸಂಕೇತ ಕೊನೆಯಿಂದ ಪ್ರತಿಫಲಿಸಿ ಹಿಂದಿರುಗಿ ದೀಪಗಳು ತಾವಾಗಿಯೇ ಮಿಣುಕತೊಡಗುವ ಸಂಭವವಿದೆ. ಮಾನಕದ ಪ್ರಕಾರ ಐದು ಪಿನ್ನುಗಳ ಪ್ಲಗ್ ಇರಬೇಕಾದರೂ ಅಗ್ಗದ ದೀಪಗಳಲ್ಲಿ ಮೂರು ಪಿನ್ನುಗಳದೇ ಬಳಕೆ. ಅದು ಮೈಕಿನ ಪ್ಲಗ್ಗಿನಂತೆಯೇ ಇರುವುದರಿಂದ ಧ್ವನಿವರ್ಧಕದವರ ಕೇಬಲನ್ನು ಇಲ್ಲಿಗೆ ಸಿಕ್ಕಿಸುವ ರೂಢಿಯುಂಟು. ಹತ್ತಿರದ ಅಂತರದಲ್ಲಿ ಅದು ನಡೆಯುತ್ತದೆ. ದೂರ ಹೆಚ್ಚಿದಂತೆ ಅದರ ವಿದ್ಯುದ್ಗುಣ ಹೊಂದದೆ ಬೆಳಕು ಕೈಕೊಡುತ್ತದೆ.

ಗಣಕಯಂತ್ರದಿಂದ ಯು.ಎಸ್.ಬಿ. ಅಡಾಪ್ಟರಿನ ಮೂಲಕ ಸಂಕೇತ ಹೊರಡುತ್ತದೆ. ಕ್ಯೂ.ಎಲ್.ಸಿ. ಪ್ಲಸ್‌ನಂಥ ಮುಕ್ತ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ. ಅವುಗಳಲ್ಲಿ ಮೊದಲು ದೀಪಗಳನ್ನು ವಿಳಾಸದೊಂದಿಗೆ ಸೇರಿಸಿ, ಬಳಿಕ ಒಂದೊಂದು ಬೆಳಕಿನ ಸ್ಥಿತಿಯನ್ನು ‘ಸೀನ್’ ಆಗಿ ಉಳಿಸಿ, ಆ ಸೀನುಗಳನ್ನು ಪರದೆಯ ಮೇಲಿನ ಗುಂಡಿಗಳಿಗೂ ಜಾರುಪಟ್ಟಿಗಳಿಗೂ ಜೋಡಿಸಲಾಗುತ್ತದೆ. ಸಂಕೇತ ಕಡಿದಾಗ ದೀಪ ಆರಬೇಕೇ ಅಥವಾ ಕೊನೆಯ ಸ್ಥಿತಿಯಲ್ಲೇ ಉಳಿಯಬೇಕೇ ಎಂಬ ಆಯ್ಕೆ ಅನೇಕ ದೀಪಗಳಲ್ಲಿದೆ. ಬಯಲಿನ ಆಟಕ್ಕೆ ಎರಡನೆಯದೇ ಕ್ಷೇಮ. ಯಂತ್ರ ನಿಂತರೂ ರಂಗಸ್ಥಳ ಕತ್ತಲಾಗದು.

ಬಣ್ಣದ ಮೇಲೆ ಬಣ್ಣ

ತಾಂತ್ರಿಕವಾಗಿ ಎಲ್ಲವೂ ಸರಿಯಾದ ಬಳಿಕವೇ ರಂಗದ ನಿಜವಾದ ಪ್ರಶ್ನೆ ಏಳುತ್ತದೆ. ಹಳದಿ ವರ್ಣದ್ರವ್ಯ ನೀಲಿಯನ್ನು ಹೀರಿಕೊಳ್ಳುತ್ತದೆ. ಕೆಂಪು ಬಟ್ಟೆ ನೀಲಿ ಮತ್ತು ಹಸುರು ಎರಡನ್ನೂ ಹೀರಿಕೊಳ್ಳುತ್ತದೆ. ರಾತ್ರಿಯ ದೃಶ್ಯವೆಂದು ರಂಗಸ್ಥಳವನ್ನು ಗಾಢ ನೀಲಿಯಲ್ಲಿ ಮುಳುಗಿಸಿದಾಗ ಹಳದಿ ಛಾಯೆಯ ಮುಖ ಕಪ್ಪಿಡುತ್ತದೆ, ಕೆಂಪು ದಗಲೆ ಕರಿದಾಗುತ್ತದೆ, ಬೇಗಡೆಯ ಚಿನ್ನ ಸತ್ತುಹೋಗುತ್ತದೆ. ದಗಲೆಯ ಬಣ್ಣದಿಂದ ಪಾತ್ರದ ಸ್ವಭಾವವನ್ನು ದೂರದಿಂದಲೇ ಗುರುತಿಸುವ ಪರಂಪರೆಯ ಪ್ರೇಕ್ಷಕನಿಗೆ ಇದು ಬರೆದ ಅಕ್ಷರವನ್ನು ಅಳಿಸಿದಂತೆ. ದೊಂದಿ ವೇಷದ ಬಣ್ಣಗಳನ್ನು ಎತ್ತಿ ಹಿಡಿಯುತ್ತಿತ್ತು. ಬಣ್ಣದ ದೀಪ ತನ್ನ ಬಣ್ಣವನ್ನು ಅವುಗಳ ಮೇಲೆ ಹೇರುತ್ತದೆ.

ಚೌಕಿಯ ಸಮಸ್ಯೆ ಇದಕ್ಕಿಂತ ಸೂಕ್ಷ್ಮವಾದುದು. ಇಂದಿನ ಚೌಕಿಯಲ್ಲಿ ಉರಿಯುವುದು ಸಾಮಾನ್ಯವಾಗಿ 6,500 ಕೆಲ್ವಿನ್ ಆಸುಪಾಸಿನ ಬಿಳಿ ಬೆಳಕು. ರಂಗಸ್ಥಳದಲ್ಲಿರುವುದು ಮೂರು ಕಿರಿದಾದ ವರ್ಣಪಟ್ಟಿಗಳ ಮಿಶ್ರಣ. ಕಲಾವಿದನು ಕನ್ನಡಿಯಲ್ಲಿ ಕಂಡು ಒಪ್ಪಿದ ಮುಖವೇ ಬೇರೆ, ಪ್ರೇಕ್ಷಕನು ಕಾಣುವ ಮುಖವೇ ಬೇರೆ. ದೊಂದಿಯ ಕಾಲದ ಐಕ್ಯ ಒಡೆದಿರುವುದು ಇಲ್ಲಿ. ಆದರೆ ಅದನ್ನು ಮರಳಿ ಪಡೆಯುವ ದಾರಿಯೂ ಇದೇ ತಂತ್ರಜ್ಞಾನದಲ್ಲಿದೆ. ರಂಗಸ್ಥಳದ ಮುಂಭಾಗದ ದೀಪದಂಥದೇ ಒಂದು ದೀಪವನ್ನು ಚೌಕಿಯಲ್ಲಿಟ್ಟು ಅದೇ ಸಂಖ್ಯೆಗಳನ್ನು ಕೊಟ್ಟರೆ ಬರೆಯುವ ಬೆಳಕೂ ತೋರುವ ಬೆಳಕೂ ಮತ್ತೆ ಒಂದಾಗುತ್ತವೆ. ಮುಂಭಾಗಕ್ಕೆ ಸುಮಾರು 3,200 ಕೆಲ್ವಿನ್ ಬೆಚ್ಚನೆಯ ಬಿಳಿಯನ್ನು ಮೀಸಲಿಟ್ಟು, ಬಣ್ಣಗಳನ್ನು ಹಿಂಬದಿಗೆ ಸೀಮಿತಗೊಳಿಸಿದರೆ ವೇಷದ ವರ್ಣಮಾಲೆ ಉಳಿಯುತ್ತದೆ.

ತೊಗಲುಗೊಂಬೆಯಾಟದಲ್ಲಿ ಈ ಮಾತು ಇನ್ನೂ ಸ್ಪಷ್ಟ. ಕಿಳ್ಳೇಕ್ಯಾತರ ಪಾರದರ್ಶಕ ತೊಗಲುಗೊಂಬೆ ತೆರೆಯ ಹಿಂದಿನ ಹರಳೆಣ್ಣೆಯ ದೀಪದ ಮುಂದೆ ಉಸಿರಾಡುವಂತೆ ತೋರುತ್ತಿದ್ದುದು ಉರಿಯ ಅಲುಗಾಟದಿಂದ. ಸ್ಥಿರವಾದ ಬಲ್ಬು ಬಂದಾಗ ಬಣ್ಣ ಸ್ಫುಟವಾಯಿತು, ಉಸಿರು ನಿಂತಿತು. ಎಲ್.ಇ.ಡಿ.ಯನ್ನು ಉರಿಯಂತೆ ಅಲುಗಿಸುವ ಸಂಖ್ಯೆಗಳನ್ನು ಬರೆಯಬಹುದು. ಆದರೆ 255 ಮೆಟ್ಟಿಲುಗಳ ಕೆಳತುದಿಯಲ್ಲಿ ಬೆಳಕು ಜಾರದೆ ನೆಗೆಯುತ್ತದೆ. ಎರಡು ಚಾನಲ್‌ಗಳನ್ನು ಕೂಡಿಸಿ 65,536 ಹಂತಗಳನ್ನು ಪಡೆಯುವ ದೀಪಗಳು ಮಾತ್ರ ಇದನ್ನು ನಯವಾಗಿ ನಿರ್ವಹಿಸಬಲ್ಲವು. ಮಂದವಾಗುತ್ತಾ ಕೆಂಪಾಗುವ ಗುಣವನ್ನೂ ಎಲ್.ಇ.ಡಿ.ಗೆ ಪ್ರತ್ಯೇಕವಾಗಿ ಕಲಿಸಬೇಕು.

ಆಶುತ್ವ ಮತ್ತು ಬರೆದಿಟ್ಟ ಬೆಳಕು

ಆಧುನಿಕ ನಾಟಕದಲ್ಲಿ ಬೆಳಕಿನ ಬದಲಾವಣೆಗಳು ಕ್ರಮಸಂಖ್ಯೆಯಲ್ಲಿ ಮೊದಲೇ ನಿಶ್ಚಿತವಾಗಿರುತ್ತವೆ. ಮಾತು ಮತ್ತು ಚಲನೆ ಪ್ರತಿ ಪ್ರದರ್ಶನದಲ್ಲೂ ಬಹುತೇಕ ಒಂದೇ. ಯಕ್ಷಗಾನದಲ್ಲಿ ಹಾಗಲ್ಲ. ಭಾಗವತರು ಪದ್ಯವನ್ನು ಎತ್ತಿಕೊಳ್ಳಬಹುದು, ಬಿಡಬಹುದು, ಮತ್ತೆ ಮತ್ತೆ ಆವರ್ತಿಸಬಹುದು. ಅರ್ಥ ಹತ್ತು ನಿಮಿಷಕ್ಕೂ ಮುಗಿಯಬಹುದು, ಅರ್ಧ ಗಂಟೆಗೂ ಬೆಳೆಯಬಹುದು. ಇಂಥ ಆಶು ರಂಗಕ್ಕೆ ಸಮಯ ಬಿಗಿದ ಬೆಳಕಿನ ಸರಣಿಯನ್ನು ಹೊಂದಿಸಿದರೆ ಕಲಾವಿದನು ಯಂತ್ರವನ್ನು ಕಾಯಬೇಕಾಗುತ್ತದೆ. ಇದರ ಇನ್ನೊಂದು ಅತಿರೇಕವೆಂದರೆ ಧ್ವನಿಗೆ ತಾನಾಗಿಯೇ ಸ್ಪಂದಿಸುವ ಸ್ಥಿತಿಯಲ್ಲಿ ದೀಪಗಳನ್ನು ಬಿಡುವುದು. ಚೆಂಡೆಯ ಪ್ರತಿ ಪೆಟ್ಟಿಗೂ ಬಣ್ಣ ಬದಲಾಗುವ ಆ ಬೆಳಕಿಗೆ ಯುದ್ಧದ ಚೆಂಡೆಗೂ ಪ್ರವೇಶದ ಚೆಂಡೆಗೂ ಇರುವ ವ್ಯತ್ಯಾಸ ತಿಳಿಯದು.

ಎರಡಕ್ಕೂ ನಡುವಣ ಮಾರ್ಗವೊಂದಿದೆ. ಸೀನುಗಳನ್ನು ಮೊದಲೇ ಸಿದ್ಧಪಡಿಸಿ, ಅವುಗಳ ಕಾಲವನ್ನು ಮಾತ್ರ ಮನುಷ್ಯನ ಬೆರಳಿಗೆ ಬಿಡುವುದೇ ಆ ಮಾರ್ಗ. ಹಾಗೆ ಮಾಡಿದಾಗ ಬೆಳಕಿನವನು ಪದ್ಯ ಬಲ್ಲವನಾಗಿರಬೇಕಾಗುತ್ತದೆ. ಭಾಗವತರ ತಾಳದತ್ತ ಕಿವಿ, ವೇಷದತ್ತ ಕಣ್ಣು ಇರಬೇಕಾಗುತ್ತದೆ. ದೀವಟಿಗೆ ಹಿಡಿದವನ ಅರ್ಹತೆಗಳೂ ಇವೇ ಆಗಿದ್ದವು. ಕಂಬಕ್ಕೆ ಏರಿದ್ದ ಬೆಳಕು ಸುದೀರ್ಘ ಸುತ್ತಿನ ಬಳಿಕ ಮತ್ತೆ ಕೈಗೆ ಬರಬಲ್ಲುದು ಎಂಬುದು ಈ ಚರಿತ್ರೆಯ ಅನಿರೀಕ್ಷಿತ ತಿರುವು.

ಕಾಲಮಿತಿಯ ಪ್ರದರ್ಶನಗಳ ಸಂದರ್ಭದಲ್ಲಿ ಈ ಹೊಣೆ ಇನ್ನಷ್ಟು ಹೆಚ್ಚಿದೆ. ಇಡೀ ರಾತ್ರಿಯ ಆಟದ ಕೊನೆಯಲ್ಲಿ ನಿಜವಾದ ಬೆಳಗು ರಂಗಸ್ಥಳಕ್ಕೆ ಇಳಿಯುತ್ತಿತ್ತು. ದೀಪಗಳು ಸಪ್ಪೆಯಾಗಿ, ಮಂಗಳ ಹಾಡುವ ಹೊತ್ತಿಗೆ ವೇಷದ ಮೇಲೆ ಸೂರ್ಯನ ಬೆಳಕು ಬೀಳುತ್ತಿತ್ತು. ನಡುರಾತ್ರಿಗೆ ಮುಗಿಯುವ ಆಟಕ್ಕೆ ಆ ಬೆಳಕು ದೊರೆಯುವುದಿಲ್ಲ. ಅಲ್ಲಿ ಮೊದಲಿನಿಂದ ಕೊನೆಯವರೆಗೂ ಇರುವುದು ಮನುಷ್ಯ ಆಯ್ದುಕೊಂಡ ಬೆಳಕು ಮಾತ್ರ.

ಉಪಸಂಹಾರ

ದೊಂದಿ ಬೆಳಕಿನ ವಿಶೇಷ ಪ್ರದರ್ಶನಗಳು ಇತ್ತೀಚಿನ ವರ್ಷಗಳಲ್ಲಿ ಅಲ್ಲಲ್ಲಿ ನಡೆಯುತ್ತಿರುವುದು ಸ್ವಾಗತಾರ್ಹ. ಅವು ವೇಷದ ಮೂಲ ತರ್ಕವನ್ನು ಕಣ್ಣಿಗೆ ತಂದುಕೊಡುತ್ತವೆ. ಆದರೆ ಉಳಿದೆಲ್ಲ ರಾತ್ರಿಗಳ ಆಟ ನಡೆಯುವುದು ವಿದ್ಯುತ್ತಿನ ಬೆಳಕಿನಲ್ಲೇ ಆದುದರಿಂದ ವಿದ್ವಾಂಸರ ಗಮನ ಅಲ್ಲಿಯೂ ಹರಿಯಬೇಕಾಗಿದೆ.

ದಾಖಲಾತಿಯ ಪ್ರಶ್ನೆ ಇಲ್ಲಿ ತುರ್ತಿನದು. ಗಣಕಯಂತ್ರದಲ್ಲಿ ಉಳಿಸಿದ ಬೆಳಕಿನ ಕಡತವೊಂದು ತನ್ನಷ್ಟಕ್ಕೆ ಅರ್ಥಹೀನ. ಮೂರನೆಯ ಚಾನಲಿನಲ್ಲಿ 200 ಎಂಬ ಸಂಖ್ಯೆ, ಯಾವ ದೀಪ, ಎಲ್ಲಿ ತೂಗಿತ್ತು, ಅದರ ಮೂರನೆಯ ಚಾನಲ್ ಯಾವುದಕ್ಕೆ ಎಂಬ ವಿವರವಿಲ್ಲದಿದ್ದರೆ, ರಾಗತಾಳಗಳ ಸೂಚನೆ ಕಳೆದುಹೋದ ಪ್ರಸಂಗದ ಓಲೆಗರಿಯಂತೆ ಮೂಕವಾಗುತ್ತದೆ. ವಿಡಿಯೊ ದಾಖಲೆಯೂ ಪೂರ್ಣ ಸಾಕ್ಷಿಯಲ್ಲ. ಎಲ್.ಇ.ಡಿ.ಯ ವೇಗದ ಮಿಣುಕು ಕ್ಯಾಮರಾದಲ್ಲಿ ಪಟ್ಟೆಗಳಾಗಿ ಮೂಡಬಹುದು. ಕ್ಯಾಮರಾ ತಾನಾಗಿಯೇ ಬಿಳಿಯನ್ನು ಸರಿದೂಗಿಸುವಾಗ ರಂಗದ ಬಣ್ಣ ಸುಳ್ಳಾಗಬಹುದು. ಆದುದರಿಂದ ಪ್ರದರ್ಶನವನ್ನು ದಾಖಲಿಸುವ ಸಂಸ್ಥೆಗಳು ದೀಪಗಳ ಬಗೆ ಮತ್ತು ಸ್ಥಾನ, ಅವುಗಳ ವಿಳಾಸ, ಬಣ್ಣದ ಸಂಖ್ಯೆಗಳು, ಯಾವ ಪದ್ಯದಲ್ಲಿ ಬೆಳಕು ಬದಲಾಯಿತು ಎಂಬ ಟಿಪ್ಪಣಿ, ಚೌಕಿಯ ಬೆಳಕಿನ ವಿವರ ಇವಿಷ್ಟನ್ನೂ ಒಳಗೊಂಡ ಒಂದು ಪುಟವನ್ನು ಪ್ರತಿ ದಾಖಲೆಯೊಂದಿಗೆ ಸೇರಿಸುವುದು ಅಗತ್ಯ.

ಆ ಪುಟದಲ್ಲಿ ಬೆಳಕಿನವನ ಹೆಸರೂ ಇರಬೇಕು. ದೀವಟಿಗೆ ಹಿಡಿದು ರಾತ್ರಿಯಿಡೀ ವೇಷವನ್ನು ಹಿಂಬಾಲಿಸಿದವರ ಹೆಸರುಗಳು ಚರಿತ್ರೆಗೆ ಸಿಗದಂತೆ ಹೋದವು. ಅವರ ಸ್ಥಾನದಲ್ಲಿ ಇಂದು ಗಣಕಯಂತ್ರದ ಮುಂದೆ ಕುಳಿತವರ ಹೆಸರುಗಳನ್ನಾದರೂ ಉಳಿಸಿಕೊಳ್ಳುವುದು ಜಾನಪದ ಅಧ್ಯಯನದ ಕೈಯಲ್ಲಿದೆ.